ತಾಯಂದಿರನ್ನ ಕೇಳಿದ ಡಾಕ್ಟರ್

ರೇಡಿಯೇಷನ್ ಅಂದ ಕೂಡಲೇ ನಮಗೆ ನೆನಪಾಗೋದು ಹಿರೋಷಿಮಾ, ಚೆರ್ನೋಬಿಲ್. ಆದರೆ ಆಸ್ಪತ್ರೆಯ ಎಕ್ಸ್-ರೇಯಲ್ಲಿ ಮೈಮೇಲೆ ಬೀಳುತ್ತಲ್ಲ, ಅಷ್ಟೇ ಅಷ್ಟು ವಿಕಿರಣ, ಅದರಿಂದ ಏನಾದರೂ ಆಗುತ್ತಾ?

ಈ ಜಗಳದ ಮಧ್ಯೆ ನಿಂತವರು ಆಕ್ಸ್‌ಫರ್ಡ್‌ನ ಡಾಕ್ಟರ್ ಆಲಿಸ್ ಸ್ಟೀವರ್ಟ್. 1950ರ ದಶಕ. ಬ್ರಿಟನ್‌ನಲ್ಲಿ ಮಕ್ಕಳ ರಕ್ತದ ಕ್ಯಾನ್ಸರ್ ಏರ್ತಾ ಇತ್ತು. ಕಾರಣ ಯಾರಿಗೂ ಗೊತ್ತಿಲ್ಲ. ಮಕ್ಕಳನ್ನು ಕಳೆದುಕೊಂಡ ತಾಯಂದಿರನ್ನೇ ಕೇಳೋಣ ಅಂದರು ಆಲಿಸ್. ಕೈಲಿದ್ದಿದ್ದು ಸಾವಿರ ಪೌಂಡ್. ಕೊಟ್ಟಿದ್ದು ಯಾರು ಗೊತ್ತಾ? ಲೇಡಿ ಟಾಟಾ ಸ್ಮಾರಕ ನಿಧಿ! ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡ ಪತ್ನಿ ಮೆಹರ್‌ಬಾಯಿ ನೆನಪಿಗೆ ದೊರಾಬ್ಜಿ ಟಾಟಾ ಕಟ್ಟಿದ ನಿಧಿ.

1956ರಲ್ಲಿ ಮೊದಲ ಉತ್ತರ ಬಂತು. ಬಸುರಿಯಾಗಿದ್ದಾಗ ಹೊಟ್ಟೆಯ ಎಕ್ಸ್-ರೇ ತೆಗೆಸಿಕೊಂಡಿದ್ದವರು, ಮಕ್ಕಳು ಸತ್ತ ತಾಯಂದಿರಲ್ಲಿ ಸುಮಾರು ಎರಡು ಪಟ್ಟು!

ವೈದ್ಯಲೋಕ ಒಪ್ಪಲಿಲ್ಲ. ಮಗು ಕಳೆದುಕೊಂಡ ತಾಯಿ ಪ್ರತಿಯೊಂದನ್ನೂ ನೆನಪಿಟ್ಟಿರ್ತಾಳೆ, ಉಳಿದವರು ಮರೆತಿರ್ತಾರೆ, ಲೆಕ್ಕ ತಪ್ಪಿದೆ ಅಂದರು. ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟು ತೋರಿಸಿದ್ದ ರಿಚರ್ಡ್ ಡಾಲ್ ಮತ್ತವರ ಜೊತೆಗಾರರು 1960ರಲ್ಲಿ, ನಮ್ಮ ಅಧ್ಯಯನದಲ್ಲಿ ಅಂಥದ್ದು ಕಾಣಲಿಲ್ಲ ಅಂತ ಬರೆದರು.

1962ರಲ್ಲಿ ಅಮೆರಿಕದ ಬ್ರಯನ್ ಮ್ಯಾಕ್‌ಮಹೊನ್ ತಾಯಂದಿರ ನೆನಪನ್ನೇ ಬಿಟ್ಟು ಆಸ್ಪತ್ರೆಗಳ ದಾಖಲೆ ತೆಗೆದರು. ಏಳು ಲಕ್ಷಕ್ಕೂ ಹೆಚ್ಚು ಹೆರಿಗೆಗಳು. ಎಕ್ಸ್-ರೇ ಬಿದ್ದ ಮಕ್ಕಳಲ್ಲಿ ಕ್ಯಾನ್ಸರ್ ಸಾವು ಶೇ. 40ರಷ್ಟು ಜಾಸ್ತಿ! ಕೊನೆಗೆ 1997ರಲ್ಲಿ ಅದೇ ಡಾಲ್, ಇನ್ನೊಬ್ಬ ವಿಜ್ಞಾನಿಯ ಜೊತೆ ಸೇರಿ ಬರೆದರು: ಗರ್ಭದಲ್ಲಿ 10 ಮಿಲಿಗ್ರೇ ಆಸುಪಾಸಿನ ವಿಕಿರಣವೂ ಅಪಾಯ ಹೆಚ್ಚಿಸುತ್ತೆ. 41 ವರ್ಷ ಆಗಿತ್ತು ಸ್ವಾಮಿ!

ಹಾಗಂತ ಜಗಳ ಮುಗೀತಾ? ಇಲ್ಲ. ಕೇರಳದ ಕರುನಾಗಪಳ್ಳಿಯ ಕಡಲ ಮರಳಲ್ಲೇ ಥೋರಿಯಂ ಇದೆ. ಅಲ್ಲಿನ ಸುಮಾರು 70 ಸಾವಿರ ಜನರನ್ನು ಹತ್ತು ವರ್ಷಕ್ಕೂ ಮೇಲೆ ಗಮನಿಸಿದ ಅಧ್ಯಯನ 2009ರಲ್ಲಿ ಬಂತು. ಆ ವಿಕಿರಣದಿಂದ ಕ್ಯಾನ್ಸರ್ ಹೆಚ್ಚಿದ್ದು ಕಾಣಲಿಲ್ಲ. ಅಪಾಯ ಚಿಕ್ಕದಾದಷ್ಟೂ ಹಿಡಿಯೋದು ಕಷ್ಟ. ಲಕ್ಷಾಂತರ ಜನರ ಲೆಕ್ಕ ಬೇಕು.

ಹಾಗಾಗಿ ಬೇಕಾದ ಎಕ್ಸ್-ರೇಗೆ ಹೆದರಬೇಡಿ. ಬೇಡದ್ದಕ್ಕೆ ಮೈ ಒಡ್ಡಬೇಡಿ. ಬಸುರಿಯಾಗಿದ್ದರೆ ಮೊದಲೇ ಡಾಕ್ಟರಿಗೆ ಹೇಳಿ. "ಸಾಬೀತಾಗಿಲ್ಲ" ಅನ್ನೋದೇ ಬೇರೆ, "ಅಪಾಯ ಇಲ್ಲ" ಅನ್ನೋದೇ ಬೇರೆ. ಇವೆರಡರ ನಡುವಿನ ವರ್ಷಗಳಿಗೆ ಬೆಲೆ ತೆತ್ತಿದ್ದು ವಾದ ಮಾಡಿದವರಲ್ಲ, ಇನ್ನೂ ಹುಟ್ಟದ ಮಕ್ಕಳು.