ಗಾಯದ ಗುರುತು ಕಂಕುಳಿಗೆ ಸರಿದ ಕಥೆ

ಗಂಡಸು ಅಂಗಿ ಬಿಚ್ಚಲೇಬೇಕಾದ ಜಾಗಗಳು ಕನ್ನಡನಾಡಿನಲ್ಲಿ ಕಡಿಮೆಯೇನಿಲ್ಲ. ಧರ್ಮಸ್ಥಳದ ಮಂಜುನಾಥನ ದರ್ಶನದ ಸಾಲು, ಗರಡಿಮನೆಯ ಮಟ್ಟಿ, ಮದುವೆ ಮನೆಯ ಅರಿಸಿನದ ಶಾಸ್ತ್ರ, ಬೇಸಿಗೆಯಲ್ಲಿ ವಿಶ್ವೇಶ್ವರಯ್ಯ ನಾಲೆಯ ಈಜು. ಪೊಲೀಸ್ ಕಾನ್‌ಸ್ಟೇಬಲ್ ನೇಮಕಾತಿಯ ಮೈದಾನ ಇವೆಲ್ಲಕ್ಕಿಂತ ನಿಷ್ಠುರ. ಎದೆಯ ಸುತ್ತಳತೆ 86 ಸೆಂ.ಮೀ. ಇರಬೇಕು, ಉಸಿರೆಳೆದರೆ ಇನ್ನೂ 5 ಸೆಂ.ಮೀ. ಹಿಗ್ಗಬೇಕು. ಟೇಪು ಹಿಡಿದವನ ಮುಂದೆ ಹುಡುಗರು ಸಾಲಾಗಿ ನಿಂತಿರುತ್ತಾರೆ. ಆ ಸಾಲಿನಲ್ಲಿ ಎದೆ ಹೆಂಗಸರಂತೆ ಬೆಳೆದ ಹುಡುಗನೊಬ್ಬನಿದ್ದರೆ ಅವನ ಕಷ್ಟ ಅಳತೆಯದ್ದಲ್ಲ, ಅಕ್ಕಪಕ್ಕದವರ ಕಣ್ಣಿನದು. ಸೇನಾ ಭರ್ತಿಯ ವೈದ್ಯಕೀಯ ತಪಾಸಣೆಯಲ್ಲಂತೂ ಇದು ಅಭ್ಯರ್ಥಿಯನ್ನು ಅನರ್ಹಗೊಳಿಸುವ ಕಾರಣಗಳಲ್ಲೊಂದು. ವೈದ್ಯರು ಇದನ್ನು ಗೈನೆಕೊಮ್ಯಾಸ್ಟಿಯಾ ಎನ್ನುತ್ತಾರೆ. ಊರಿನಲ್ಲಿ ಇದಕ್ಕೆ ಇರುವ ಅಡ್ಡಹೆಸರುಗಳನ್ನು ಇಲ್ಲಿ ಬರೆಯಬೇಕಾಗಿಲ್ಲ.

ಇದಕ್ಕೆ ಮಾಡುವ ಶಸ್ತ್ರಚಿಕಿತ್ಸೆಯ ದಾಖಲೆಗಳನ್ನು ಕಾಲಕ್ರಮದಲ್ಲಿ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಬೆಳೆದದ್ದನ್ನು ಕತ್ತರಿಸಿ ತೆಗೆಯುವುದು ವೈದ್ಯರಿಗೆ ಏಳನೆಯ ಶತಮಾನದಲ್ಲೇ ಗೊತ್ತಿತ್ತು. ಆಮೇಲಿನ ಹದಿಮೂರು ಶತಮಾನ ಅವರು ತಲೆ ಕೆಡಿಸಿಕೊಂಡದ್ದು ಹೆಚ್ಚಾಗಿ ಕತ್ತಿ ಹಾಕಿದ ಗುರುತನ್ನು ಎಲ್ಲಿ ಅಡಗಿಸುವುದು ಎಂಬುದಕ್ಕೆ.

ಎರಡನೆಯ ಶತಮಾನದ ಗ್ರೀಕ್ ವೈದ್ಯ ಗ್ಯಾಲೆನ್ ಈ ಸ್ಥಿತಿಗೆ ಹೆಸರು ಕೊಟ್ಟ. ಅವನ ಪ್ರಕಾರ ಇದು ಗಂಡಸಿನ ಎದೆಯಲ್ಲಿ ಕೊಬ್ಬು ಅಸಹಜವಾಗಿ ಸೇರಿಕೊಳ್ಳುವುದರಿಂದ ಆಗುವಂಥದು. ಕತ್ತಿ ಹಿಡಿದ ವಿವರ ಸಿಗುವುದು ಏಜಿನಾ ದ್ವೀಪದ ಪೌಲಸ್‌ನಲ್ಲಿ. ಏಳನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದಲ್ಲಿದ್ದ ಈತ ಏಳು ಸಂಪುಟಗಳ ವೈದ್ಯಸಂಗ್ರಹ ಬರೆದ. ಅದರ ಆರನೆಯ ಸಂಪುಟ ಪೂರ್ತಿ ಶಸ್ತ್ರಚಿಕಿತ್ಸೆಗೆ ಮೀಸಲು. ಸ್ತನದ ಕೆಳಗೆ ಅರ್ಧಚಂದ್ರಾಕಾರವಾಗಿ ಕೊಯ್ದು, ಚರ್ಮವನ್ನು ಬಿಡಿಸಿ, ಕೊಬ್ಬನ್ನು ತೆಗೆದು ಹೊಲಿಯಬೇಕು ಎನ್ನುತ್ತಾನೆ. ಎದೆ ಜೋತುಬಿದ್ದಿದ್ದರೆ ಎರಡು ಅರ್ಧಚಂದ್ರಗಳನ್ನು ತುದಿಗೆ ತುದಿ ಕೂಡುವಂತೆ ಕೊಯ್ದು ನಡುವಿನ ಚರ್ಮವನ್ನೂ ತೆಗೆಯಬೇಕು. ಇಷ್ಟೆಲ್ಲ ಯಾಕೆ ಎಂಬುದಕ್ಕೆ ಅವನು ಕೊಡುವ ಕಾರಣ ನೋವೂ ಅಲ್ಲ, ಪ್ರಾಣಾಪಾಯವೂ ಅಲ್ಲ. ಹೆಣ್ಣಿಗ ಎಂಬ ನಿಂದೆ. ರೋಗಿ ಆಸ್ಪತ್ರೆಗೆ ಬರುವ ಕಾರಣ ಇಂದಿಗೂ ಹೆಚ್ಚುಕಡಿಮೆ ಅದೇ ಎಂಬುದು ಯೋಚಿಸಬೇಕಾದ ಮಾತು.

ಪೌಲಸ್‌ನ ವಿಧಾನ ಅರಬ್ಬರ ಕೈಗೆ ಬಂತು. ಕಾರ್ಡೋಬಾದ ಅಲ್ ಜಹ್ರಾವಿ ಕ್ರಿ.ಶ. 1000ದ ಆಸುಪಾಸಿನಲ್ಲಿ ಮುಗಿಸಿದ 'ಅಲ್ ತಸ್ರೀಫ್' ಗ್ರಂಥದ ಕೊನೆಯ ಭಾಗದಲ್ಲಿ ಅದನ್ನು ವಿವರಿಸಿದ. 1465ರಲ್ಲಿ ಅಮಾಸ್ಯಾ ಪಟ್ಟಣದ ಶಸ್ತ್ರವೈದ್ಯ ಶೆರೆಫೆದ್ದೀನ್ ಸಾಬುಂಜುವೊಗ್ಲು ತನ್ನ ತುರ್ಕಿ ಭಾಷೆಯ ಪುಸ್ತಕದಲ್ಲಿ ಇದಕ್ಕೆ ಬಣ್ಣದ ಚಿತ್ರವನ್ನೇ ಬರೆಸಿದ. ಸುಶ್ರುತ ಸಂಹಿತೆಯಲ್ಲಿ ಸ್ತನರೋಗದ ಚರ್ಚೆ ಇದೆ, ಆದರೆ ಅದು ಹೆಂಗಸರನ್ನು, ಅದರಲ್ಲೂ ಬಸುರಿ ಬಾಣಂತಿಯರನ್ನು ಕುರಿತದ್ದು. ಸುಶ್ರುತನ ಪರಂಪರೆ ಜಗತ್ತಿಗೆ ಕೊಟ್ಟದ್ದು ಮೂಗು.

ಮೂಗಿನ ಮಾತು ಬಂದರೆ ಮಂಡ್ಯ ಜಿಲ್ಲೆಯನ್ನು ಬಿಡುವಂತಿಲ್ಲ. 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದದೊಂದಿಗೆ ಮುಗಿದ ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಎಂಬ ಮರಾಠಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿ ಬಿಟ್ಟರು. ಮುಂದೆ ಪುಣೆಯ ಬಳಿ ಕುಂಬಾರ ಕಸುಬಿನವನೊಬ್ಬ ಕಾವಸ್‌ಜಿಯ ಹಣೆಯ ಚರ್ಮವನ್ನು ಇಳಿಸಿ ಹೊಸ ಮೂಗು ಕಟ್ಟಿದ. ಬ್ರಿಟಿಷ್ ವೈದ್ಯರಿಬ್ಬರು ಅದನ್ನು ಕಣ್ಣಾರೆ ಕಂಡರು. ಆ ಸುದ್ದಿ 1794ರ ಅಕ್ಟೋಬರಿನ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜೀನ್'ನಲ್ಲಿ ಚಿತ್ರಸಹಿತ ಅಚ್ಚಾಯಿತು. ಅದನ್ನು ಓದಿದ ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲೇ ಅದೇ ಶಸ್ತ್ರಚಿಕಿತ್ಸೆ ಮಾಡಿ, ಎರಡು ವರ್ಷದ ಮೇಲೆ ಪುಸ್ತಕ ತಂದ. ಯುರೋಪಿನಲ್ಲಿ ಪ್ಲಾಸ್ಟಿಕ್ ಸರ್ಜರಿ ಮರುಹುಟ್ಟು ಪಡೆದದ್ದು ಅಲ್ಲಿಂದ. ಪ್ರಾಣಕ್ಕೆ ಅಪಾಯವಿಲ್ಲದಿದ್ದರೂ ಮಾನಕ್ಕಾಗಿ ಕತ್ತಿಯಡಿ ಮಲಗುವುದು ಸರಿಯೇ ಎಂಬ ಪ್ರಶ್ನೆಗೆ ಆ ಎತ್ತಿನ ಗಾಡಿಯವನ ಮೂಗು ಉತ್ತರ ಹೇಳಿತ್ತು. ಎದೆಯ ಚಿಕಿತ್ಸೆಗೂ ಬೇಕಾದದ್ದು ಅದೇ ಉತ್ತರ.

ಎರಡೂ ಎಳೆಗಳು ಒಬ್ಬನೇ ವೈದ್ಯನಲ್ಲಿ ಕೂಡಿದ್ದೂ ಉಂಟು. ನ್ಯೂಯಾರ್ಕಿನ ಜೆರೋಮ್ ವೆಬ್‌ಸ್ಟರ್ ಹದಿನಾರನೆಯ ಶತಮಾನದ ಇಟಲಿಯಲ್ಲಿ ಮೂಗು ಕಟ್ಟುತ್ತಿದ್ದ ತಾಲ್ಯಕೋಜಿಯ ದೊಡ್ಡ ಜೀವನಚರಿತ್ರೆಯನ್ನು 1950ರಲ್ಲಿ ಮಾರ್ಥಾ ನ್ಯೂಡಿ ಅವರೊಂದಿಗೆ ಪ್ರಕಟಿಸಿದವನು. ಅದಕ್ಕೆ ನಾಲ್ಕು ವರ್ಷ ಮೊದಲು, 1946ರಲ್ಲಿ, ಗಂಡಸರ ಸ್ತನಗ್ರಂಥಿಯನ್ನು ಮೊಲೆತೊಟ್ಟಿನ ಸುತ್ತಲ ಕಪ್ಪುವೃತ್ತದ ಅಂಚಿನೊಳಗೆ ಅರೆವೃತ್ತವಾಗಿ ಕೊಯ್ದು ತೆಗೆಯುವ ವಿಧಾನವನ್ನು 'ಆನಲ್ಸ್ ಆಫ್ ಸರ್ಜರಿ'ಯಲ್ಲಿ ಬರೆದ. ಕಪ್ಪು ಚರ್ಮ ಬಿಳಿ ಚರ್ಮಕ್ಕೆ ಕೂಡುವ ಗೆರೆಯಲ್ಲಿ ಗಾಯದ ಗೆರೆ ಕರಗಿಹೋಗುತ್ತದೆ. ಪೌಲಸ್ ಬಿಟ್ಟುಹೋದ ಉದ್ದದ ಅರ್ಧಚಂದ್ರ ಇಲ್ಲಿ ಒಂದು ಕಾಸಿನಗಲಕ್ಕೆ ಕುಗ್ಗಿತು. ಇಂದಿಗೂ ಗ್ರಂಥಿ ತೆಗೆಯುವವರು ಹೆಚ್ಚಾಗಿ ಹಿಡಿಯುವುದು ವೆಬ್‌ಸ್ಟರ್‌ನ ದಾರಿಯನ್ನೇ.

ಕಾರಣ ಹುಡುಕುವ ಕೆಲಸವೂ ಅದೇ ದಶಕದಲ್ಲಿ ಚುರುಕಾಯಿತು. 1942ರಲ್ಲಿ ಕ್ಲೈನ್‌ಫೆಲ್ಟರ್, ರೈಫನ್‌ಸ್ಟೈನ್ ಮತ್ತು ಆಲ್‌ಬ್ರೈಟ್ ಎದೆ ಬೆಳೆದ, ವೃಷಣ ಚಿಕ್ಕದಾದ ಗಂಡಸರ ಒಂದು ಗುಂಪನ್ನು ವರ್ಣಿಸಿದರು. ಅವರಲ್ಲಿ ಒಂದು ಎಕ್ಸ್ ಕ್ರೋಮೋಸೋಮ್ ಹೆಚ್ಚಿಗೆ ಇರುತ್ತದೆಂಬುದು 1959ರಲ್ಲಿ ಪೆಟ್ರಿಷಿಯಾ ಜೇಕಬ್ಸ್ ಮತ್ತು ಜಾನ್ ಸ್ಟ್ರಾಂಗ್ ಅವರಿಂದ ತಿಳಿಯಿತು. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ಸೆರೆಶಿಬಿರಗಳಲ್ಲಿ ಹಸಿದು ಬಡಕಲಾಗಿದ್ದ ಅಮೆರಿಕದ ಸೈನಿಕರಲ್ಲೂ ಎದೆ ಊದಿಕೊಂಡದ್ದನ್ನು ವೈದ್ಯರು ಕಂಡರು. ಹಸಿವಿನಲ್ಲಿ ಸೊರಗಿದ್ದ ಲಿವರ್ ಮತ್ತು ವೃಷಣಗಳು ಹೊಟ್ಟೆ ತುಂಬಿದ ಮೇಲೆ ಚೇತರಿಸಿಕೊಳ್ಳುವಾಗ ಹಾರ್ಮೋನಿನ ಲೆಕ್ಕ ಕೆಲಕಾಲ ಏರುಪೇರಾಗುತ್ತದೆ. ಹದಿಹರೆಯದಲ್ಲಿ ಆಗುವುದೂ ಹೆಚ್ಚುಕಡಿಮೆ ಇದೇ. ಗಂಡಸಿನ ಮೈಯಲ್ಲೂ ಈಸ್ಟ್ರೋಜನ್ ಇರುತ್ತದೆ. ಟೆಸ್ಟೋಸ್ಟಿರಾನ್ ಎದುರು ಅದರ ತೂಕ ಹೆಚ್ಚಿದಾಗ ಎದೆಯ ಗ್ರಂಥಿ ಬೆಳೆಯುತ್ತದೆ. 1961ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಮೆರಿಕದ ಸ್ಕೌಟ್ ಹುಡುಗರ ಎದೆಯನ್ನು ಪರೀಕ್ಷಿಸಿ, ನೂರಕ್ಕೆ ಸುಮಾರು 39 ಮಂದಿಯಲ್ಲಿ ಇದನ್ನು ಕಂಡಿತು. ಹದಿನಾಲ್ಕರ ವಯಸ್ಸಿನಲ್ಲಿ ಪ್ರಮಾಣ ಇನ್ನೂ ಹೆಚ್ಚು. ಬಹುಪಾಲು ಹುಡುಗರಲ್ಲಿ ಅದು ಆರು ತಿಂಗಳಿಂದ ಎರಡು ವರ್ಷದೊಳಗೆ ತಾನಾಗಿ ಇಳಿಯುತ್ತದೆ. ಈ ಒಂದು ಸಂಗತಿ ಶಾಲೆಗಳಲ್ಲಿ ತಿಳಿದಿದ್ದರೆ ಎಷ್ಟೋ ಮಕ್ಕಳು ಆಟದ ಪಿರಿಯಡ್ಡಿಗೆ ಹೊಟ್ಟೆನೋವಿನ ನೆಪ ಹೇಳಬೇಕಾಗಿರಲಿಲ್ಲ.

ಔಷಧಿಗಳೂ ಕಾರಣವಾಗುತ್ತವೆ. ಲಿವರ್ ಮತ್ತು ಹೃದಯದ ತೊಂದರೆಗೆ ಕೊಡುವ ಸ್ಪೈರೊನೊಲ್ಯಾಕ್ಟೋನ್, ಹಳೆಯ ಅಸಿಡಿಟಿ ಮಾತ್ರೆ ಸಿಮೆಟಿಡಿನ್, ಮನೋರೋಗದ ರಿಸ್ಪೆರಿಡೋನ್, ಜಿಮ್ಮಿನಲ್ಲಿ ಮೈ ಕಟ್ಟಲು ಚುಚ್ಚಿಸಿಕೊಳ್ಳುವ ಸ್ಟಿರಾಯ್ಡ್. ರಿಸ್ಪೆರಿಡೋನ್ ಸೇವಿಸಿ ಎದೆ ಬೆಳೆದ ಒಬ್ಬನ ಮೊಕದ್ದಮೆಯಲ್ಲಿ 2019ರಲ್ಲಿ ಫಿಲಡೆಲ್ಫಿಯಾದ ಜ್ಯೂರಿ ಜಾನ್ಸನ್ ಅಂಡ್ ಜಾನ್ಸನ್ ಕಂಪನಿಗೆ 800 ಕೋಟಿ ಡಾಲರ್ ದಂಡ ಹಾಕಿತು. ಮರುವರ್ಷ ನ್ಯಾಯಾಧೀಶರು ಅದನ್ನು 68 ಲಕ್ಷ ಡಾಲರಿಗೆ ಇಳಿಸಿದರು.

ಗೆಜ್ಜಲಗೆರೆಯಲ್ಲಿ ನಿಂತು ಈ ವಿಷಯ ಬರೆಯುವಾಗ ಹಾಲಿನ ಪ್ರಶ್ನೆಯನ್ನು ದಾಟಿಹೋಗಲಾಗದು. ಮದ್ದೂರು ಮತ್ತು ಮಂಡ್ಯದ ನಡುವಿನ ಈ ಊರಿನಲ್ಲಿ ಮಂಡ್ಯ ಜಿಲ್ಲಾ ಹಾಲು ಒಕ್ಕೂಟದ, ಅಂದರೆ ಮನ್‌ಮುಲ್‌ನ, ಡೇರಿ ಇದೆ. ಸುತ್ತಲಿನ ಮನೆಗಳ ಬದುಕು ಬೆಳಗು ಬೈಗು ಡೇರಿಗೆ ಹಾಕುವ ಹಾಲಿನ ಮೇಲೆ ನಿಂತಿದೆ. ಹುಡುಗನ ಎದೆ ಬೆಳೆದರೆ ಮನೆಯವರು ಮೊದಲು ದೂರುವುದು ಹಸುವಿಗೆ ಕೊಡುವ ಇಂಜೆಕ್ಷನ್ ಮತ್ತು ಫಾರಂ ಕೋಳಿಯನ್ನು. ಕೋಳಿಯ ಮೇಲಿನ ಅನುಮಾನಕ್ಕೆ ಚರಿತ್ರೆಯಲ್ಲಿ ಬುಡವಿದೆ. ಅಮೆರಿಕದಲ್ಲಿ ಹುಂಜಗಳಿಗೆ ಡಿಇಎಸ್ ಎಂಬ ಕೃತಕ ಈಸ್ಟ್ರೋಜನ್ ಗುಳಿಗೆಯನ್ನು ಚರ್ಮದಡಿ ಇಡುತ್ತಿದ್ದರು. 1959ರಲ್ಲಿ ಅದನ್ನು ನಿಲ್ಲಿಸಲಾಯಿತು. 1970ರ ದಶಕದ ಕೊನೆಗೆ ಇಟಲಿಯ ಮಿಲಾನಿನ ಒಂದು ಶಾಲೆಯಲ್ಲಿ ಗಂಡು ಹೆಣ್ಣೆನ್ನದೆ ಹಲವು ಮಕ್ಕಳ ಎದೆ ಬೆಳೆಯಿತು. ಈಸ್ಟ್ರೋಜನ್ ಬೆರೆತ ಮಾಂಸದ ಮೇಲೆ ಗುಮಾನಿ ಹೋಯಿತು, 1979ರಲ್ಲಿ 'ಲ್ಯಾನ್ಸೆಟ್'ನಲ್ಲಿ ಅದರ ವರದಿ ಬಂತು.

ಹಾಲಿನ ಕಥೆ ಬೇರೆ. ಹಸು ಹಾಲಿಳಿಸಲೆಂದು ಕೆಲವರು ಚುಚ್ಚುವುದು ಆಕ್ಸಿಟೋಸಿನ್. ಇದು ಈಸ್ಟ್ರೋಜನ್ ಜಾತಿಯದ್ದೇ ಅಲ್ಲ. ಒಂಬತ್ತು ಅಮೈನೊ ಆಮ್ಲಗಳ ಸಣ್ಣ ಸರಪಳಿ. 1953ರಲ್ಲಿ ಅದನ್ನು ಪ್ರಯೋಗಾಲಯದಲ್ಲಿ ಕಟ್ಟಿದ ವಿನ್ಸೆಂಟ್ ಡು ವಿನ್ಯೋಗೆ 1955ರಲ್ಲಿ ನೊಬೆಲ್ ಬಂತು. ರಕ್ತದಲ್ಲಿ ಕೆಲವೇ ನಿಮಿಷದಲ್ಲಿ ಕರಗುವ ಅದು ಹಾಲಿನೊಂದಿಗೆ ಹೊಟ್ಟೆ ಸೇರಿದರೂ ಉಳಿದ ಪ್ರೋಟೀನಿನ ಹಾಗೆಯೇ ಜೀರ್ಣವಾಗುತ್ತದೆ. ದುರುಪಯೋಗ ತಡೆಯಲು ಕೇಂದ್ರ ಸರ್ಕಾರ 2018ರ ಏಪ್ರಿಲಿನಲ್ಲಿ ಖಾಸಗಿ ಕಂಪನಿಗಳು ಅದನ್ನು ತಯಾರಿಸದಂತೆ ನಿಷೇಧಿಸಿ, ಬೆಂಗಳೂರಿನ ಕರ್ನಾಟಕ ಆಂಟಿಬಯಾಟಿಕ್ಸ್ ಅಂಡ್ ಫಾರ್ಮಸ್ಯೂಟಿಕಲ್ಸ್ ಒಂದಕ್ಕೇ ಹೊಣೆ ವಹಿಸಿತು. ಬಾಣಂತಿಯರ ರಕ್ತಸ್ರಾವ ನಿಲ್ಲಿಸುವ ಈ ಔಷಧಿಗೆ ದೇಶದಲ್ಲಿ ಒಂದೇ ತಯಾರಕ ಇರುವುದು ಅಪಾಯ ಎಂಬ ವಾದ ಎದ್ದಿತು. ಅದೇ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಹಸುವಿಗೆ ಅದನ್ನು ಚುಚ್ಚುವುದು ತಪ್ಪು ಎಂಬುದರಲ್ಲಿ ಎರಡು ಮಾತಿಲ್ಲ. ಹುಡುಗನ ಎದೆಗೆ ಮಾತ್ರ ಅದು ಹೊಣೆಯಲ್ಲ.

ಕತ್ತಿಯ ಚರಿತ್ರೆಗೆ ಮರಳಿದರೆ, ಕೊನೆಯ ದೊಡ್ಡ ತಿರುವು ಪ್ಯಾರಿಸ್ಸಿನದು. 1977ರಲ್ಲಿ ಈವ್ ಜೆರಾರ್ ಇಲೂಜ್ ಒಬ್ಬ ಹೆಂಗಸಿನ ಬೆನ್ನಿನ ಕೊಬ್ಬಿನ ಗಂಟನ್ನು ಕೊಯ್ಯದೆ ಕೊಳವೆಯಿಂದ ಹೀರಿ ತೆಗೆದ. 1980ರ ದಶಕದ ನಡುವೆ ಕ್ಯಾಲಿಫೋರ್ನಿಯಾದ ಚರ್ಮವೈದ್ಯ ಜೆಫ್ರಿ ಕ್ಲೈನ್ ಮರಗಟ್ಟಿಸುವ ಔಷಧಿ ಮತ್ತು ಅಡ್ರಿನಲಿನ್ ಬೆರೆಸಿದ ಸಲೈನನ್ನು ಮೊದಲೇ ತುಂಬಿ, ರಕ್ತ ಹೋಗುವುದನ್ನು ತುಂಬ ಕಡಿಮೆ ಮಾಡಿದ. 1983ರಲ್ಲಿ ತೈಮೂರಿಯನ್ ಮತ್ತು ಪರ್ಲ್‌ಮನ್ ಗ್ರಂಥಿ ಕೊಯ್ಯುವುದನ್ನೂ ಕೊಬ್ಬು ಹೀರುವುದನ್ನೂ ಒಂದುಗೂಡಿಸಿದರು. ಕೊಳವೆ ಒಳಹೋಗುವ ತೂತು ಕೆಲವೇ ಮಿಲಿಮೀಟರ್. ಅದನ್ನು ಕಂಕುಳಲ್ಲೇ ಇಟ್ಟರೆ ರೋಗಿಗೂ ಕಾಣದು.

ಇದರಿಂದ ಎಲ್ಲರ ಗಾಯವೂ ಮರೆಯಾಯಿತೆಂದಲ್ಲ. ಸೈಮನ್, ಹಾಫ್‌ಮನ್ ಮತ್ತು ಕಾನ್ 1973ರಲ್ಲಿ ಮಾಡಿದ ವರ್ಗೀಕರಣವನ್ನು ವೈದ್ಯರು ಈಗಲೂ ಬಳಸುತ್ತಾರೆ. ಮೊದಲ ದರ್ಜೆ ಸಣ್ಣ ಉಬ್ಬು, ಎರಡನೆಯದು ಮಧ್ಯಮ, ಹೆಚ್ಚಿನ ಚರ್ಮ ಇಲ್ಲದಿದ್ದರೆ ಎ, ಇದ್ದರೆ ಬಿ, ಮೂರನೆಯದು ಜೋತುಬಿದ್ದದ್ದು. ಹೆಚ್ಚಿನ ಚರ್ಮ ಉಳಿದರೆ ಅದನ್ನು ಕೊಳವೆ ಹೀರಲಾರದು. ನಲವತ್ತು ಐವತ್ತು ಕಿಲೋ ಇಳಿಸಿಕೊಂಡವರ ಎದೆಯ ಮೇಲೆ ಇಂದಿನ ವೈದ್ಯರೂ ಉದ್ದದ ಗೆರೆಯನ್ನೇ ಬಿಡಬೇಕಾಗುತ್ತದೆ. ಅಂಥ ರೋಗಿಗೆ ಗುರುತೇ ಉಳಿಯದು ಎಂದು ಭರವಸೆ ಕೊಡುವ ಜಾಹೀರಾತನ್ನು ನಂಬುವುದು ಕಷ್ಟ.

2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ದಶಪಥ ಹೆದ್ದಾರಿಯ ಉದ್ಘಾಟನೆ ಸಮಾರಂಭ ನಡೆದದ್ದು ಗೆಜ್ಜಲಗೆರೆಯಲ್ಲೇ. 118 ಕಿ.ಮೀ. ಉದ್ದದ ಆ ದಾರಿಯಿಂದ ಮಹಾನಗರದ ಆಸ್ಪತ್ರೆ ಇನ್ನಷ್ಟು ಹತ್ತಿರವಾಯಿತು. ಊರಿಗೆ ಗೊತ್ತಾಗಬಾರದೆನ್ನುವವನಿಗೆ ಪರಿಚಿತರು ಎದುರಾಗುವ ಹತ್ತಿರದ ಆಸ್ಪತ್ರೆಗಿಂತ ದೂರದ್ದೇ ಹಿತ. ಸಾಮಾನ್ಯವಾಗಿ ಪೂರ್ತಿ ಅರಿವಳಿಕೆ ಕೊಟ್ಟು ಒಂದೆರಡು ಗಂಟೆಯಲ್ಲಿ ಮುಗಿಸುತ್ತಾರೆ; ಅದೇ ದಿನ ಅಥವಾ ಮರುದಿನ ಮನೆಗೆ ಕಳಿಸುತ್ತಾರೆ. ತೊಟ್ಟಿನ ಕೆಳಗೆ ಸ್ವಲ್ಪ ಗ್ರಂಥಿಯನ್ನು ಬೇಕೆಂದೇ ಬಿಡುತ್ತಾರೆ. ಪೂರ್ತಿ ಕೆತ್ತಿದರೆ ಅಲ್ಲಿ ಗುಳಿ ಬೀಳುತ್ತದೆ, ಅದನ್ನು ಸರಿಪಡಿಸುವುದು ಮೊದಲ ಶಸ್ತ್ರಚಿಕಿತ್ಸೆಗಿಂತ ತ್ರಾಸ.

ಗುಟ್ಟು ನಿಲ್ಲುವುದು ಕಷ್ಟವಾಗುವುದು ಆಮೇಲೆ. ಒಳಗೆ ಸೇರುವ ನೀರು ರಕ್ತ ಹೊರಬರಲು ಕೆಲವರಿಗೆ ಪಕ್ಕೆಯಲ್ಲಿ ಸಣ್ಣ ಕೊಳವೆ ಇಟ್ಟಿರುತ್ತಾರೆ. ಅದರ ತುದಿಯ ಬುರುಡೆಯಲ್ಲಿ ಎಷ್ಟು ತುಂಬಿತೆಂದು ದಿನವೂ ಬರೆದಿಡಬೇಕು. ಬಿಗಿಯಾದ ಒತ್ತು ಬನಿಯನ್ನನ್ನು ನಾಲ್ಕರಿಂದ ಆರು ವಾರ ಹಗಲಿರುಳು ಹಾಕಿಕೊಂಡಿರಬೇಕು. ಮಂಡ್ಯದ ಏಪ್ರಿಲ್ ಬಿಸಿಲಲ್ಲಿ ಅದರೊಳಗಿನ ಬೆವರು, ತುರಿಕೆ ನೋವಿಗಿಂತ ಹೆಚ್ಚು ಕಾಡುತ್ತವೆ. ಕುಳಿತು ಮಾಡುವ ಕೆಲಸಕ್ಕೆ ವಾರದಲ್ಲಿ ಹೋಗಬಹುದು. ಹಾಲಿನ ಕ್ಯಾನು ಎತ್ತುವುದು, ಹುಲ್ಲಿನ ಹೊರೆ ಹೊರುವುದು, ಕಬ್ಬು ಕಡಿಯುವುದು ನಾಲ್ಕಾರು ವಾರ ಕೂಡದು. ಕೈಯಲ್ಲಿ ಹಾಲು ಕರೆಯುವುದೂ ಎದೆಯ ಸ್ನಾಯುವನ್ನು ಎಳೆಯುತ್ತದೆ. ಮೊದಲ ಒಂದೆರಡು ದಿನದಲ್ಲಿ ಒಂದೇ ಕಡೆ ಥಟ್ಟನೆ ಊದಿ ನೋವು ಹೆಚ್ಚಿದರೆ ಒಳಗೆ ರಕ್ತ ಕಟ್ಟುತ್ತಿದೆ ಎಂದರ್ಥ. ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಓಡಬೇಕು. ತೊಟ್ಟಿನ ಸುತ್ತ ಸ್ಪರ್ಶ ತಿಳಿಯದಿರುವುದು ಬಹಳ ಮಂದಿಗೆ ಕೆಲವು ತಿಂಗಳಲ್ಲಿ ಸರಿಹೋಗುತ್ತದೆ. ಊತ ಪೂರ್ತಿ ಇಳಿದು ಎದೆಯ ನಿಜವಾದ ಆಕಾರ ಕಾಣಲು ಮೂರರಿಂದ ಆರು ತಿಂಗಳು ಬೇಕು.

ವಿಮಾ ಕಂಪನಿಗಳು ಇದನ್ನು ಬಹುಮಟ್ಟಿಗೆ ಸೌಂದರ್ಯ ಚಿಕಿತ್ಸೆಯ ಪಟ್ಟಿಗೆ ಸೇರಿಸಿ ಖರ್ಚು ಕೊಡುವುದಿಲ್ಲ. ತೆಗೆದ ಗ್ರಂಥಿಯ ಚೂರನ್ನು ಮಾತ್ರ ಪ್ರಯೋಗಾಲಯಕ್ಕೆ ಕಳಿಸಿ ಪರೀಕ್ಷಿಸುತ್ತಾರೆ, ಏಕೆಂದರೆ ಎಲ್ಲ ಸ್ತನ ಕ್ಯಾನ್ಸರುಗಳಲ್ಲಿ ನೂರಕ್ಕೆ ಒಂದರಷ್ಟು ಗಂಡಸರದು. ಒಂದೇ ಕಡೆ ಗಟ್ಟಿಯಾದ ಗಂಟು, ತೊಟ್ಟಿನಿಂದ ರಕ್ತ, ವೃಷಣದಲ್ಲಿ ಬಾವು ಇದ್ದರೆ ಶಸ್ತ್ರಚಿಕಿತ್ಸೆಯ ಮಾತಿಗೆ ಮೊದಲೇ ಕ್ಯಾನ್ಸರಿನ ತಪಾಸಣೆ ಮುಗಿಯಬೇಕು. ಹದಿನಾಲ್ಕರ ಹುಡುಗನನ್ನು ಕರೆತಂದ ತಂದೆತಾಯಿಗೆ ಹೆಚ್ಚಿನ ವೈದ್ಯರು ಹೇಳುವುದು ಇನ್ನೊಂದೆರಡು ವರ್ಷ ಬಿಟ್ಟು ಬನ್ನಿ ಎಂದು. ಬೆಳವಣಿಗೆ ನಿಲ್ಲುವ ಮೊದಲೇ ಕೊಯ್ದರೆ ಉಳಿದ ಗ್ರಂಥಿ ಮತ್ತೆ ಬೆಳೆಯಬಹುದು, ಆಗ ಎರಡನೆಯ ಸಲ ಮಲಗಬೇಕಾಗುತ್ತದೆ.