ಬಿಸಿನೀರಿನ ಬುಗ್ಗೆಗಳು ಮತ್ತು ಅಲ್ಲಿಗೆ ಬಂದವರು

ನಮ್ಮ ಉಳವಿಯ ಕಡೆ ಬಿಸಿನೀರು ಎಂದರೆ ಬಚ್ಚಲುಮನೆಯ ಹಂಡೆಯ ನೀರು. (ಇದು ಚನ್ನಬಸವಣ್ಣನವರ ಉಳವಿಯಲ್ಲ, ಸೊರಬ ತಾಲ್ಲೂಕಿನ ಉಳವಿ ಎಂದು ಹೊರಗಿನವರಿಗೆ ಪ್ರತಿಸಲವೂ ಹೇಳಬೇಕಾಗುತ್ತದೆ.) ಅಡಿಕೆ ಸಿಪ್ಪೆ, ಒಣಗಿದ ಸೋಗೆ ಉರಿಸಿ ಕಾಯಿಸಿದ ನೀರು; ಮಳೆಗಾಲದಲ್ಲಿ ಗದ್ದೆಯಿಂದ ಬಂದವರ ಚಳಿ ಬಿಡಿಸುವ ನೀರು; ಬಾಣಂತಿಯ ಸೊಂಟಕ್ಕೆ ಎರೆಯುವ ನೀರು; ದೀಪಾವಳಿಗೆ ಮೊದಲು ನೀರು ತುಂಬುವ ಹಬ್ಬದಲ್ಲಿ ಪೂಜೆಗೊಳ್ಳುವ ನೀರು. ಆದ್ದರಿಂದ, ಈಗ ಜಪಾನಿನಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು, “ಮೇಷ್ಟ್ರೇ, ಇಲ್ಲಿ ನೆಲದಿಂದಲೇ ಬಿಸಿನೀರು ಬರುತ್ತದೆ, ಅದರಲ್ಲಿ ಕೂತರೆ ಕಾಯಿಲೆ ಹೋಗುತ್ತದೆ ಎನ್ನುತ್ತಾರೆ. ನಮ್ಮಲ್ಲಿ ಇಂಥದ್ದು ಇಲ್ಲವೇ?” ಎಂದು ಕೇಳಿದಾಗ, ಉತ್ತರವನ್ನು ಎಲ್ಲರಿಗೂ ಅನುಕೂಲವಾಗುವಂತೆ ಇಲ್ಲಿಯೇ ಬರೆಯೋಣವೆನಿಸಿತು.

ಇದೆ. ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು ತಾಲ್ಲೂಕಿನ ಇರ್ದೆ ಗ್ರಾಮದಲ್ಲಿ ಬೆಂದ್ರ್ ತೀರ್ಥವೆಂಬ ಕೊಳವಿದೆ. ತುಳುವಿನಲ್ಲಿ ‘ಬೆಂದ್ರ್’ ಎಂದರೆ ಬಿಸಿನೀರು ಎಂದೇ ಅರ್ಥ. ಕಲ್ಲಿನ ಮೆಟ್ಟಿಲುಗಳ ಆ ಕೊಳದ ನೀರು ಕುದಿಯುವಂಥದ್ದಲ್ಲ. ಹೆಚ್ಚುಕಡಿಮೆ ನಮ್ಮ ಮೈಯ ಶಾಖದಷ್ಟೇ ಬೆಚ್ಚಗೆ. ಗಂಧಕದ ಅಂಶವಿದೆ, ಮಿಂದರೆ ಚರ್ಮರೋಗಗಳು ಗುಣವಾಗುತ್ತವೆ ಎಂಬುದು ಬಹುಕಾಲದ ನಂಬಿಕೆ. ಪರ್ವದಿನಗಳಲ್ಲಿ ತೀರ್ಥಸ್ನಾನಕ್ಕೆ ಜನ ಸೇರುತ್ತಾರೆ. ಕರ್ನಾಟಕದಲ್ಲಿ ಜ್ವಾಲಾಮುಖಿಯಿಲ್ಲದಿದ್ದರೂ ನೀರು ಬಿಸಿಯಾಗುವುದು ಹೇಗೆಂದರೆ, ಭೂಮಿಯ ಒಳಕ್ಕೆ ಹೋದಂತೆ ಪ್ರತಿ ಕಿಲೋಮೀಟರಿಗೆ ಸುಮಾರು 25ರಿಂದ 30 ಡಿಗ್ರಿ ಸೆಲ್ಸಿಯಸ್‌ನಷ್ಟು ಶಾಖ ಏರುತ್ತದೆ. ಬಂಡೆಯ ಬಿರುಕುಗಳಲ್ಲಿ ಆಳಕ್ಕಿಳಿದ ಮಳೆನೀರು ಕಾದು, ಇನ್ನೊಂದು ಬಿರುಕಿನಲ್ಲಿ ಮೇಲೆ ಬರುತ್ತದೆ. ನಮ್ಮ ಉತ್ತರಕ್ಕೆ ಕೊಂಕಣದ ರಾಜಾಪುರ, ಉನ್ಹವರೆ, ವಜ್ರೇಶ್ವರಿಗಳಲ್ಲಿಯೂ ಇಂಥ ಬುಗ್ಗೆಗಳಿವೆ.

ನಮ್ಮಲ್ಲಿ ಅಪರೂಪವಾದದ್ದು ಜಪಾನಿನಲ್ಲಿ ಊರೂರಿಗೂ ಇದೆ. ಅಲ್ಲಿ ಇಂಥ ಚಿಲುಮೆಗಳ ಸಂಖ್ಯೆ 25,000ಕ್ಕೂ ಮಿಕ್ಕಿದೆ. 1948ರಲ್ಲಿ ಅವರು ಇದಕ್ಕೆಂದೇ ಒಂದು ಕಾನೂನು ಮಾಡಿದರು. ಹೊರಬರುವಾಗ ನೀರು ಕನಿಷ್ಠ 25 ಡಿಗ್ರಿ ಬಿಸಿಯಿರಬೇಕು, ಇಲ್ಲವೇ ಗೊತ್ತುಪಡಿಸಿದ 19 ಪದಾರ್ಥಗಳಲ್ಲಿ ಒಂದಾದರೂ ನಿಗದಿತ ಪ್ರಮಾಣದಲ್ಲಿರಬೇಕು. ಆಗ ಮಾತ್ರ ಅದು ‘ಒನ್ಸೆನ್’. ನೀರಿನಲ್ಲಿ ಏನಿದೆ, ಯಾವ ಕಾಯಿಲೆಯವರು ಇಳಿಯಬಾರದು ಎಂಬುದನ್ನು ಸ್ನಾನಗೃಹದಲ್ಲಿ ಫಲಕ ಬರೆದು ತೂಗುಹಾಕಬೇಕು.

ಈ ‘ಇಳಿಯಬಾರದು’ ಎಂಬ ವಿವೇಕ ಕಾನೂನಿಗಿಂತ ಹಳೆಯದು. ಕೈಬಾರಾ ಎಕಿಕೆನ್ ಎಂಬ ವಿದ್ವಾಂಸ 1713ರಲ್ಲಿ ಬರೆದ ‘ಯೋಜೋಕುನ್’ ಎಂಬ ಆರೋಗ್ಯಗ್ರಂಥದಲ್ಲಿ, ಬಿಸಿನೀರಿನ ಬುಗ್ಗೆ ಕೆಲವು ರೋಗಗಳಿಗೆ ಹಿತ, ಕೆಲವಕ್ಕೆ ಕೇಡು ಎಂದು ವಿಂಗಡಿಸಿದ್ದಾನೆ. ಗಟ್ಟಿಗನೂ ದಿನಕ್ಕೆ ಮೂರು ಸಲಕ್ಕಿಂತ ಹೆಚ್ಚು ಇಳಿಯಬಾರದು, ದುರ್ಬಲನಿಗೆ ಒಂದೆರಡು ಸಲ ಸಾಕು, ಏಳು ದಿನ ಅಥವಾ ಹದಿನಾಲ್ಕು ದಿನದ ವ್ರತ ಸರಿ ಎಂಬುದು ಅವನ ಮಾತಿನ ಸಾರ. ಸುಗ್ಗಿ ಮುಗಿಸಿದ ರೈತರು ಅಕ್ಕಿ, ಪಾತ್ರೆ ಹೊತ್ತುಕೊಂಡು ಹೋಗಿ, ತಾವೇ ಅಡುಗೆ ಮಾಡಿಕೊಂಡು, ದಿನಗಟ್ಟಲೆ ಬುಗ್ಗೆಯ ಬಳಿ ಉಳಿಯುತ್ತಿದ್ದರು. ಈ ವಾಸಕ್ಕೆ ‘ತೋಜಿ’ ಎಂದು ಹೆಸರು.

ಅಲ್ಲಿಗೆ ಹೋಗುವವರು ಪಾಲಿಸಬೇಕಾದ ನಡವಳಿಕೆಯೂ ಖಚಿತವಾದದ್ದು. ಮೊದಲು ಹೊರಗೆ ಮಣೆಯ ಮೇಲೆ ಕೂತು ಮೈ ತೊಳೆದು ಶುಚಿಯಾಗಬೇಕು. ಆಮೇಲೆ ಬಟ್ಟೆಯಿಲ್ಲದೆ ತೊಟ್ಟಿಗಿಳಿಯಬೇಕು. ಟವೆಲನ್ನು ನೀರಿಗೆ ಅದ್ದಬಾರದು. ಈಜಬಾರದು. ಈ ಕೊನೆಯ ನಿಯಮದ ಬಗ್ಗೆ ಮೇಷ್ಟ್ರುಗಳಾದ ನಮಗೆ ಪ್ರಿಯವಾಗುವ ಒಂದು ಪ್ರಸಂಗವಿದೆ. ಕಾದಂಬರಿಕಾರ ನಾತ್ಸುಮೆ ಸೋಸೆಕಿ 1895ರಲ್ಲಿ ಮಾತ್ಸುಯಾಮಾ ಊರಿನಲ್ಲಿ ಶಾಲಾ ಅಧ್ಯಾಪಕನಾಗಿದ್ದ. ಅಲ್ಲಿನ ದೋಗೊ ಬುಗ್ಗೆಯ ದೊಡ್ಡ ಸ್ನಾನಗೃಹ ಅದರ ಹಿಂದಿನ ವರ್ಷವಷ್ಟೇ ಕಟ್ಟಿದ್ದು, ಇಂದಿಗೂ ಇದೆ. 1906ರ ಅವನ ‘ಬೊತ್ಚಾನ್’ ಕಾದಂಬರಿಯ ತರುಣ ಮೇಷ್ಟ್ರು ತೊಟ್ಟಿಯಲ್ಲಿ ಯಾರೂ ಇಲ್ಲವೆಂದು ಖುಷಿಯಾಗಿ ಈಜುತ್ತಾನೆ. ಆಮೇಲೆ ಬಂದು ನೋಡಿದರೆ ‘ಇಲ್ಲಿ ಈಜಬಾರದು’ ಎಂಬ ಫಲಕ! ಶಾಲೆಗೆ ಹೋದರೆ ಕರಿಹಲಗೆಯ ಮೇಲೂ ಹುಡುಗರು ಅದನ್ನೇ ಬರೆದಿಟ್ಟಿದ್ದಾರೆ. ಮೇಷ್ಟ್ರ ಮೇಲೆ ಕಣ್ಣಿಡುವ ಹುಡುಗರು ಎಲ್ಲ ದೇಶದಲ್ಲಿಯೂ ಒಂದೇ ಎಂಬುದು ನಿಮಗೆ ನಾನು ಹೇಳಬೇಕಾಗಿಲ್ಲ.

ಗುಣದ ಮಾತಿಗೆ ಬರೋಣ. ಬಿಸಿನೀರಿನಲ್ಲಿ ಕುಳಿತಾಗ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಸ್ನಾಯುಗಳು ಸಡಿಲಗೊಳ್ಳುತ್ತವೆ, ನೀರು ಮೈಭಾರವನ್ನು ಹೊರುವುದರಿಂದ ನೋಯುವ ಕೀಲುಗಳಿಗೆ ಬಿಡುವು ಸಿಗುತ್ತದೆ. ಜಪಾನಿನ ಸುಮಾರು 30,000 ನಡುವಯಸ್ಸಿನವರನ್ನು ಎರಡು ದಶಕಗಳ ಕಾಲ ಗಮನಿಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಮನೆಯ ತೊಟ್ಟಿಯಲ್ಲಿ ಬಹುಪಾಲು ದಿನವೂ ಸ್ನಾನ ಮಾಡುವವರಲ್ಲಿ, ವಾರಕ್ಕೆ ಹೆಚ್ಚೆಂದರೆ ಎರಡು ಸಲ ಮಾಡುವವರಿಗಿಂತ, ಹೃದಯ ಮತ್ತು ರಕ್ತನಾಳದ ಕಾಯಿಲೆ ಶೇಕಡಾ 28ರಷ್ಟು ಕಡಿಮೆ ಕಂಡುಬಂತು. ಆದರೆ ಆರೋಗ್ಯವಂತರೇ ಹೆಚ್ಚು ಸ್ನಾನ ಮಾಡುತ್ತಿರಲೂಬಹುದು; ಇಂಥ ಅಧ್ಯಯನ ಕಾರಣವನ್ನು ಸಾಧಿಸಿ ತೋರಿಸುವುದಿಲ್ಲ. ಅದೇ ದೇಶದಲ್ಲಿ ಪ್ರತಿವರ್ಷ ಸಾವಿರಾರು ವೃದ್ಧರು, ಹೆಚ್ಚಾಗಿ ಚಳಿಗಾಲದಲ್ಲಿ, ಮನೆಯ ಬಿಸಿನೀರಿನ ತೊಟ್ಟಿಯಲ್ಲಿಯೇ ಪ್ರಾಣ ಬಿಡುತ್ತಾರೆ. ರಕ್ತದೊತ್ತಡ ಥಟ್ಟನೆ ಇಳಿದು ಮೈಮರೆಯುವುದು ಇದಕ್ಕೊಂದು ಕಾರಣ. ನೀರು ಶುಚಿಯಿಲ್ಲದಿದ್ದರೂ ಅಪಾಯ: 2002ರಲ್ಲಿ ಮಿಯಾಜಾಕಿ ಪ್ರಾಂತದ ಹ್ಯೂಗಾ ಊರಿನ ಒಂದು ಬಿಸಿನೀರಿನ ಸ್ನಾನಗೃಹದಿಂದ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಹರಡಿ ಸುಮಾರು 300 ಮಂದಿ ಕಾಯಿಲೆ ಬಿದ್ದರು, ಏಳು ಮಂದಿ ತೀರಿಕೊಂಡರು.

ಇಷ್ಟು ನೀರಿನ ವಿಷಯ. ಚರಿತ್ರೆ ಕಲಿಸಿದ ನನಗೆ ಇದಕ್ಕಿಂತ ಮುಖ್ಯವೆನಿಸುವುದು, ಆ ನೀರನ್ನು ನಂಬಿ ಬಂದ ರೋಗಿಗಳಿಗೆ ಏನಾಯಿತು ಎಂಬ ಪ್ರಶ್ನೆ.

ಜಪಾನಿನ ಗುನ್ಮಾ ಪ್ರಾಂತದ ಬೆಟ್ಟಗಳಲ್ಲಿ ಕುಸಾತ್ಸು ಎಂಬ ಪ್ರಸಿದ್ಧ ಬುಗ್ಗೆಯೂರಿದೆ. ಅಲ್ಲಿನ ನೀರು ನಿಂಬೆರಸದಷ್ಟು ಹುಳಿಯಾದ ಆಮ್ಲ. 1876ರಲ್ಲಿ ಜಪಾನಿಗೆ ಬಂದ ಎರ್ವಿನ್ ಬೆಲ್ಟ್ಸ್ ಎಂಬ ಜರ್ಮನ್ ವೈದ್ಯ ಅದರ ಗುಣವನ್ನು ಹೊರದೇಶಗಳಿಗೆ ಸಾರಿದ. ಚರ್ಮದ ಮೇಲಿನ ಕೆಲವು ಸೋಂಕುಗಳಿಗೆ ಆ ನೀರು ಅನುಕೂಲವಾದದ್ದರಿಂದ ಕುಷ್ಠರೋಗಿಗಳೂ ಆಸೆಯಿಂದ ಅಲ್ಲಿಗೆ ಬಂದರು. ಹಾನ್ಸೆನ್ 1873ರಲ್ಲಿ ಕಂಡುಹಿಡಿದಂತೆ ಕುಷ್ಠ ಒಂದು ಬ್ಯಾಕ್ಟೀರಿಯಾದ ಕಾಯಿಲೆ. ಅದು ನರಗಳ ಒಳಗೆ ಮನೆಮಾಡುತ್ತದೆ. ಹೊರಗಿನ ನೀರು ಎಷ್ಟೇ ಖಾರವಾಗಿದ್ದರೂ ಅಲ್ಲಿಗೆ ಮುಟ್ಟುವುದಿಲ್ಲ. ಬಂದವರು ಗುಣವಾಗಲಿಲ್ಲ, ಮನೆಗೂ ಮರಳಲಾಗದೆ ಅಲ್ಲಿಯೇ ಉಳಿದರು. ಇತರ ಪ್ರವಾಸಿಗರಿಗೆ ಅಸಹ್ಯವಾಗುತ್ತದೆಂದು 1887ರಲ್ಲಿ ಅವರನ್ನು ಊರಾಚೆಯ ಯುನೊಸಾವಾ ಎಂಬ ಕೇರಿಗೆ ಸರಿಸಲಾಯಿತು. ಆ ಕೇರಿಯಲ್ಲಿ ಅವರು ಅಂಗಡಿ, ವಸತಿಗೃಹ ನಡೆಸುತ್ತ, ಮದುವೆಯಾಗುತ್ತ ತಮ್ಮದೇ ಬದುಕು ಕಟ್ಟಿಕೊಂಡರು. 1916ರಲ್ಲಿ ಮೇರಿ ಕಾರ್ನ್‌ವಾಲ್ ಲೀ ಎಂಬ ಇಂಗ್ಲಿಷ್ ಮಹಿಳೆ ಅಲ್ಲಿಗೆ ಬಂದು ನೆಲೆಸಿ, ಅವರಿಗಾಗಿ ಶಾಲೆ, ಚಿಕಿತ್ಸಾಲಯ ನಡೆಸಿದಳು.

1931ರ ಕಾನೂನು ಕುಷ್ಠರೋಗಿಗಳನ್ನೆಲ್ಲ ಬಲವಂತವಾಗಿ ಪ್ರತ್ಯೇಕಿಸತೊಡಗಿತು. ಮರುವರ್ಷ ಕುಸಾತ್ಸುವಿನಲ್ಲಿ ಸರಕಾರಿ ಆಶ್ರಮವೊಂದು ತೆರೆಯಿತು; ಒಂದು ದಶಕದೊಳಗೆ ಯುನೊಸಾವಾ ಕೇರಿ ಇಲ್ಲವಾಯಿತು. ಆಶ್ರಮದ ಆವರಣದಲ್ಲಿ 1938ರಿಂದ 1947ರವರೆಗೆ ಒಂದು ಶಿಕ್ಷೆಯ ಕೋಣೆಯಿತ್ತು. ಮೈ ಕೊರೆಯುವ ಆ ಬೆಟ್ಟದ ಚಳಿಯಲ್ಲಿ, ನ್ಯಾಯಾಲಯದ ವಿಚಾರಣೆಯಿಲ್ಲದೆ 93 ರೋಗಿಗಳನ್ನು ಅಲ್ಲಿ ಕೂಡಿಹಾಕಲಾಯಿತು. ಅವರಲ್ಲಿ 23 ಮಂದಿ ಸತ್ತರು. ಬಿಸಿನೀರಿಗಾಗಿ ಹೆಸರಾದ ಊರಿನಲ್ಲಿ ನಡೆದ ಕಥೆ ಇದು.

ಕುಷ್ಠಕ್ಕೆ ಔಷಧಿ ಬಂದ ಮೇಲೂ ಪ್ರತ್ಯೇಕಿಸುವ ಕಾನೂನು ಉಳಿಯಿತು. ಅದು ರದ್ದಾದದ್ದು 1996ರಲ್ಲಿ. 2001ರಲ್ಲಿ ಕುಮಾಮೊತೊ ನ್ಯಾಯಾಲಯ ಸರಕಾರವನ್ನು ತಪ್ಪಿತಸ್ಥನೆಂದಿತು. ಆದರೂ 2003ರಲ್ಲಿ, ಅದೇ ಕುಮಾಮೊತೊ ಪ್ರಾಂತದ ಕುರೊಕಾವಾ ಬುಗ್ಗೆಯ ಒಂದು ಹೋಟೆಲು, ಎಂದೋ ಗುಣವಾಗಿದ್ದ ವೃದ್ಧರು ಪ್ರವಾಸಕ್ಕೆ ಬರುವರೆಂದು ತಿಳಿದಾಗ ಕೋಣೆ ಕೊಡಲು ನಿರಾಕರಿಸಿತು. ಉಳಿದ ಅತಿಥಿಗಳಿಗೆ ತೊಂದರೆಯಾಗುತ್ತದೆ ಎಂಬುದು ಕಾರಣ. 1887ರಲ್ಲಿ ಕೊಟ್ಟ ಕಾರಣವೂ ಬಹುಮಟ್ಟಿಗೆ ಇದೇ ಅಲ್ಲವೇ?

ಜಪಾನನ್ನು ಬೊಟ್ಟುಮಾಡಿ ನಾವು ಸುಮ್ಮನಿರುವಂತಿಲ್ಲ. ಬ್ರಿಟಿಷರು 1898ರಲ್ಲಿ ಮಾಡಿದ ಕುಷ್ಠರೋಗಿಗಳ ಕಾಯಿದೆಯನ್ನು ನಾವು ತೆಗೆದುಹಾಕಿದ್ದು 2016ರಲ್ಲಿ. ಗಂಡನಿಗೋ ಹೆಂಡತಿಗೋ ಕುಷ್ಠವಿದೆಯೆಂಬ ಕಾರಣಕ್ಕೆ ವಿಚ್ಛೇದನ ಕೇಳುವ ಅವಕಾಶ ಹೋದದ್ದು 2019ರಲ್ಲಿ. ಬಹುಔಷಧ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿಯೇ ಶಿಫಾರಸು ಮಾಡಿತ್ತು; ಕಾಯಿಲೆ ಆರು ತಿಂಗಳು ಅಥವಾ ಒಂದು ವರ್ಷದ ಮಾತ್ರೆಗೆ ಹೋಗುತ್ತದೆ. ಮೈಮೇಲೆ ಸ್ಪರ್ಶ ತಿಳಿಯದ, ಬಣ್ಣ ಮಾಸಿದ ಮಚ್ಚೆ ಕಂಡರೆ ಹೋಗಬೇಕಾದದ್ದು ತೀರ್ಥಕ್ಕಲ್ಲ, ಹತ್ತಿರದ ಸರಕಾರಿ ಆಸ್ಪತ್ರೆಗೆ. ಅಲ್ಲಿ ಔಷಧಿ ಉಚಿತ.

ನಮ್ಮ ನೆರೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಗೆ ಶಾಲಾ ಪ್ರವಾಸ ಹೋದವರು ಕೇದಾರೇಶ್ವರ ದೇವಾಲಯವನ್ನು ನೋಡಿದ್ದೀರಿ. ಅಲ್ಲಿನ ಕೋಡಿಯ ಮಠವನ್ನು 1162ರ ಶಾಸನವೊಂದು ವರ್ಣಿಸುತ್ತದೆ. ವೇದ, ವ್ಯಾಕರಣ, ತರ್ಕಗಳ ಪಾಠದ ಜೊತೆಗೆ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರಿಗೆ ಅಲ್ಲಿ ಊಟವಿತ್ತು. ಗತಿಯಿಲ್ಲದ ರೋಗಿಗಳಿಗೆ ಔಷಧಿಯಿತ್ತು. ಸಕಲ ಜೀವಿಗಳಿಗೂ ಅಭಯವಿತ್ತು ಎಂದು ಅದು ಹೇಳುತ್ತದೆ. ಬಿಸಿನೀರಿನ ಚಿಲುಮೆ ಬಳ್ಳಿಗಾವಿಯಲ್ಲಿರಲಿಲ್ಲ. ಬಾಗಿಲಿಗೆ ಬಂದ ರೋಗಿ ಯಾರೆಂದು ಕೇಳದೆ ಒಳಗೆ ಕರೆಯುವ ಏರ್ಪಾಡು ಇತ್ತು.

ಆದ್ದರಿಂದ ಜಪಾನಿನಲ್ಲಿರುವವರೇ, ಒನ್ಸೆನ್‌ಗೆ ಅವಶ್ಯ ಹೋಗಿ. ಮೊದಲು ಮೈ ತೊಳೆಯಿರಿ, ಫಲಕ ಓದಿ, ಹತ್ತು ನಿಮಿಷಕ್ಕೆ ಎದ್ದುಬನ್ನಿ. ಬಿ.ಪಿ., ಸಕ್ಕರೆ ಕಾಯಿಲೆ ಇರುವ ನನ್ನ ವಯಸ್ಸಿನ ಬಂಧುಗಳು ಬೆಂದ್ರ್ ತೀರ್ಥಕ್ಕೆ ಹೊರಟರೂ ವೈದ್ಯರನ್ನು ಕೇಳಿಯೇ ಹೊರಡಿ. ಪಕ್ಕದಲ್ಲಿ ಮೀಯುವವರ ಚರ್ಮದ ಮೇಲೆ ಏನಾದರೂ ಕಂಡರೆ, ಎದ್ದು ಹೋಗುವ ಮುನ್ನ ಯುನೊಸಾವಾ ಕೇರಿಯವರನ್ನು ಒಮ್ಮೆ ನೆನೆಯಿರಿ.