ಗವರ್ನರ್ (ವಿದ್ಯುದುತ್ಪಾದನೆ)

ಹೊರೆ ಹಠಾತ್ತನೆ ಏರಿದಾಗ ಅಥವಾ ಇಳಿದಾಗ ಟರ್ಬೈನಿನ ವೇಗವನ್ನು ಹತೋಟಿಯಲ್ಲಿಡುವ ಸಾಧನ. ಜೇಮ್ಸ್ ವಾಟ್ 1788ರಲ್ಲಿ ಉಗಿ ಯಂತ್ರಕ್ಕೆ ಅಳವಡಿಸಿದ ತಿರುಗುವ ಗುಂಡುಗಳ ಗವರ್ನರ್ ಇದರ ಪೂರ್ವರೂಪ. ಇಂದಿನವು ಎಲೆಕ್ಟ್ರಾನಿಕ್ ಸಂವೇದಕ ಮತ್ತು ತೈಲ ಒತ್ತಡದಿಂದ ಕೆಲಸ ಮಾಡುತ್ತವೆ.

ಕಾರ್ಯವಿಧಾನ: ಹೊರೆ ಏರಿದ ಕ್ಷಣದಲ್ಲಿ ಬೇಕಾದ ಹೆಚ್ಚುವರಿ ಶಕ್ತಿ ತಿರುಗುತ್ತಿರುವ ರೋಟರುಗಳ ಚಲನಶಕ್ತಿಯಿಂದಲೇ ಬರುತ್ತದೆ. ಇದರಿಂದ ವೇಗ ತಗ್ಗಿ, 50 ಹರ್ಟ್ಸ್ ಇರಬೇಕಾದ ಆವರ್ತನ ಕುಸಿಯುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಗವರ್ನರ್ ಉಗಿ ಅಥವಾ ನೀರಿನ ದ್ವಾರವನ್ನು ಹಿಗ್ಗಿಸಿ ಕುಸಿತವನ್ನು ತಡೆಯುತ್ತದೆ. ವೇಗ ತಗ್ಗಿದಂತೆ ಉತ್ಪಾದನೆ ಎಷ್ಟು ಏರಬೇಕೆಂಬ ಅನುಪಾತಕ್ಕೆ 'ಡ್ರೂಪ್' ಎಂದು ಹೆಸರು. ಶೇ. 4 ಡ್ರೂಪ್ ಇರುವ ಘಟಕ, ಆವರ್ತನ 0.5 ಹರ್ಟ್ಸ್ ಇಳಿದರೆ ತನ್ನ ಸಾಮರ್ಥ್ಯದ ಶೇ. 25ರಷ್ಟು ಉತ್ಪಾದನೆಯನ್ನು ಏರಿಸುತ್ತದೆ. ವೋಲ್ಟೇಜ್ ಸರಿಪಡಿಸುವುದು ಬೇರೊಂದು ಸಾಧನದ ಕೆಲಸ.

ಜಲವಿದ್ಯುತ್ ಘಟಕಗಳು: ಹೊರೆ ಒಮ್ಮೆಲೇ ತಪ್ಪಿದಾಗ ಟರ್ಬೈನ್ ಮಿತಿಮೀರಿ ವೇಗ ಪಡೆಯುತ್ತದೆ. ಆದರೆ ನೀರನ್ನು ತಟಕ್ಕನೆ ನಿಲ್ಲಿಸಿದರೆ ಕೊಳವೆಯಲ್ಲಿ ಒತ್ತಡದ ಆಘಾತವುಂಟಾಗುತ್ತದೆ. ಆದ್ದರಿಂದ ಪೆಲ್ಟನ್ ಟರ್ಬೈನುಗಳಲ್ಲಿ ಮೊದಲು ನೀರಿನ ಧಾರೆಯನ್ನು ಪಕ್ಕಕ್ಕೆ ತಿರುಗಿಸಿ, ಬಳಿಕ ದ್ವಾರವನ್ನು ನಿಧಾನವಾಗಿ ಮುಚ್ಚಲಾಗುತ್ತದೆ.

ನಿದರ್ಶನ: 2020ರ ಏಪ್ರಿಲ್ 5ರ ರಾತ್ರಿ 9 ಗಂಟೆಗೆ ಭಾರತದಾದ್ಯಂತ 9 ನಿಮಿಷ ಮನೆದೀಪಗಳನ್ನು ಆರಿಸಿದಾಗ ಬೇಡಿಕೆ ಸುಮಾರು 31,000 ಮೆಗಾವ್ಯಾಟ್ ಇಳಿಯಿತು. ಮುಂಚಿತವಾಗಿ ಯೋಜಿಸಿ, ಮುಖ್ಯವಾಗಿ ಜಲವಿದ್ಯುತ್ ಉತ್ಪಾದನೆಯನ್ನು ತಗ್ಗಿಸಿ, ಮತ್ತೆ ಏರಿಸಿದ್ದರಿಂದ ಜಾಲ ಕುಸಿಯಲಿಲ್ಲ.